ಕೆಂಪು ಸೀರೆಯ ಕತ್ತಿ

ಸಾಣೆ ಹಿಡಿಯುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನ ಹತ್ತಿರ ಕೂತರೆ ಮೊದಲು ಕೇಳುವುದು, ಕತ್ತಿಗೆ ಹೊಳಪು ಬರಿಸುವುದು ಹೇಗೆ ಅಂತ. ಹೊಳಪಿನ ಮಾತು ಕೊನೆಗೆ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಹೊಳಪು ಯಾರು ಬೇಕಾದರೂ ಬರಿಸಬಹುದು. ಹಳೆಯ ಕ್ಷೌರದ ಕತ್ತಿಯೊಂದು ಕೈಗೆ ಬಂದರೆ ಅದು ಎಲ್ಲಿಯದು, ಯಾರ ಕೈಯಲ್ಲಿ ಏನು ಕೆಲಸ ಮಾಡಿತ್ತು ಎಂದು ತಿಳಿಯದೆ ಕಲ್ಲಿಗೆ ಹಚ್ಚಬಾರದು. ಇದನ್ನು ನನಗೆ ಕಲಿಸಿದವರು ಇಬ್ಬರು. ಒಬ್ಬರು ನನ್ನ ಉಸ್ತಾದರು. ಇನ್ನೊಬ್ಬರು ಕತ್ತಿಗೆ ತಲೆ ಕೊಟ್ಟವರು.

ನಾನು ಮಂಡಕಳ್ಳಿಯ ಒಕ್ಕಲು ಮನೆಯವನು. ಇದ್ದ ಜಮೀನು ಅಣ್ಣಂದಿರಿಗೇ ಸಾಲದು. ಲೋಯರ್ ಸೆಕೆಂಡರಿ ಮುಗಿಸಿ ಮನೆಯಲ್ಲಿ ದಂಡಪಿಂಡವಾಗಿ ಕೂತಿದ್ದೆ. ಸ್ವಾತಂತ್ರ್ಯ ಬಂದ ವರ್ಷ ನಮ್ಮಪ್ಪ ಕುಡುಗೋಲು ಹದ ಮಾಡಿಸಲು ಮೈಸೂರಿಗೆ ಬಂದವನು ಕುಡುಗೋಲಿನ ಜೊತೆಗೆ ನನ್ನನ್ನೂ ರಹಮತ್ ಸಾಬರ ಅಂಗಡಿಯಲ್ಲಿ ಬಿಟ್ಟ. ಕುಡುಗೋಲು ಸಂಜೆಗೆ ಊರಿಗೆ ಹೋಯಿತು, ನಾನು ಅಲ್ಲೇ ಉಳಿದೆ. ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ ಒಂದು ಚಕ್ರ, ನಾಲ್ಕಾರು ಕಲ್ಲು, ಒಂದು ನೀರಿನ ತೊಟ್ಟಿ, ಅಷ್ಟೇ ಅಂಗಡಿ. ದರ್ಜಿಗಳ ಕತ್ತರಿ, ಕಟುಕರ ಚೂರಿ ಎಲ್ಲ ಬರುತ್ತಿದ್ದವು. ಆದರೆ ಸಾಬರಿಗೆ ಹೆಸರು ಬಂದದ್ದು ಕ್ಷೌರದ ಕತ್ತಿಯಿಂದ.

ಆ ಕತ್ತಿಯನ್ನು ಚಕ್ರಕ್ಕೆ ಹಿಡಿಯಬಾರದು. ಬಿಸಿಯಾಗಿ ಅಲಗಿನ ಬಾಯಿ ನೀಲಿ ತಿರುಗಿತೆಂದರೆ ಉಕ್ಕು ಸತ್ತ ಹಾಗೆ. ಇದನ್ನು ದಿನವೂ ನನಗೆ ಹೇಳುತ್ತಿದ್ದ ಸಾಬರೇ ಒಂದು ಆಯುಧಪೂಜೆಯ ಹಿಂದಿನ ದಿನ, ಕೆಲಸದ ಒತ್ತಡದಲ್ಲಿ, ಒಬ್ಬ ಕ್ಷೌರಿಕನ ಕತ್ತಿಯನ್ನು ಚಕ್ರಕ್ಕೆ ತಾಗಿಸಿಬಿಟ್ಟರು. ಉಗುರಿನಷ್ಟು ಜಾಗ ನೀಲಿಯಾಯಿತು. ಉಜ್ಜಿದ್ದರೆ ಆ ಬಣ್ಣ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಾಬರು ಅದನ್ನು ಕತ್ತಿಯವನ ಎದುರಿಗೇ ಇಕ್ಕಳದಲ್ಲಿ ಹಿಡಿದು ಲಟಕ್ಕೆಂದು ಮುರಿದರು. “ಬಿಸಿ ಆಯ್ತು, ಜಾನ್ ಹೋಯ್ತು. ತಗೋ, ನನ್ದು ತಗೊಂಡೋಗು” ಎಂದು ತಮ್ಮ ಸ್ವಂತ ಗಡ್ಡದ ಕತ್ತಿಯನ್ನು ಕೊಟ್ಟು ಕಳಿಸಿದರು. ಆಮೇಲೆ ಇಡೀ ದಿನ ನನ್ನ ಮೇಲೆ ರೇಗಾಡಿದರು, ನೀಲಿ ಮಾಡಿದವನು ನಾನೇ ಎನ್ನುವ ಹಾಗೆ.

ಗುರುತು ಹಿಡಿಯುವ ಪಾಠ ಬೇರೆ. ಕತ್ತಿಯ ಕತ್ತಿನ ಬಳಿ ತುಕ್ಕಿನಡಿ ಏನೋ ಕೊರೆದಿರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಜರಡಿ ಹಿಡಿದ ಬೂದಿಯಿಂದ ಬೆರಳಲ್ಲೇ ತಿಕ್ಕಿದರೆ ಅಕ್ಷರ ಎದ್ದು ಬರುತ್ತವೆ. ವಿ ಮತ್ತು ಆರ್ ನಡುವೆ ಕಿರೀಟ ಇದ್ದರೆ ಅದು ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಮಾಲು. ಅಕ್ಷರ ಹೋಗಿದ್ದರೆ ಬೆನ್ನು ನೋಡಬೇಕು. ಮಸೆಯುವಾಗ ಬಾಯಿಯ ಜೊತೆ ಬೆನ್ನೂ ಕಲ್ಲಿಗೆ ತಾಗುತ್ತದೆ, ಹಾಗಾಗಿ ಬೆನ್ನು ಚಪ್ಪಟೆಯಾಗಿದ್ದಷ್ಟೂ ಕತ್ತಿ ದುಡಿದಿದೆ ಎಂದು ಅರ್ಥ. ಕೊನೆಗೆ ಹೆಬ್ಬೆರಳ ಉಗುರಿನಿಂದ ಬಾಯಿಯನ್ನು ಮೆಲ್ಲಗೆ ಮೀಟಿ ಕೇಳಬೇಕು. ಸಣ್ಣಗೆ ಉಲಿದರೆ ಸರಿ. ಒಡಕು ದನಿ ಬಂದರೆ ಒಳಗೆ ಬಿರುಕಿದೆ, ಮೇಲೆ ಥಳಕು ಒಳಗೆ ಹುಳುಕು, ವಾಪಸು ಕೊಟ್ಟುಬಿಡಿ.

ನಾವು ಹಳೆಯ ಕತ್ತಿಗಳನ್ನು ಗುಜರಿಯಿಂದ ತಂದು ಹೊಸದು ಮಾಡಿ ಮಾರುವುದೂ ಇತ್ತು. ಒಂದು ಬೆಳಿಗ್ಗೆ ಪೊಲೀಸಿನವನೊಬ್ಬ ಬಟ್ಟೆಯಲ್ಲಿ ಸುತ್ತಿದ ಕತ್ತಿ ತಂದು ಹಲಗೆಯ ಮೇಲೆ ಬಿಚ್ಚಿದ. ಯಾರೋ ವಿದ್ಯಾರ್ಥಿ, ಪರೀಕ್ಷೆಯಲ್ಲಿ ಫೇಲಾದವನು, ಬಾಡಿಗೆ ಕೋಣೆಯಲ್ಲಿ ತನ್ನನ್ನೇ ಮುಗಿಸಿಕೊಂಡಿದ್ದ. ಹಿಡಿಗೆ ಹಾಕಿದ್ದ ಹಿತ್ತಾಳೆಯ ಮೊಳೆ ನಾನೇ ಬಡಿದದ್ದು. ಕೊಂಡವನ ಮುಖ ನನಗೆ ನೆನಪಿತ್ತು. ಚೌಕಾಸಿ ಮಾಡದೆ ಕೊಂಡಿದ್ದ. ನಾವು ಅದೃಷ್ಟ ಅಂದುಕೊಂಡಿದ್ದೆವು. ಪೊಲೀಸಿನವನು ಹೋದ ಮೇಲೆ ಸಾಬರು ತೊಟ್ಟಿಯ ನೀರು ಚೆಲ್ಲಿಸಿ ಬೇರೆ ತುಂಬಿಸಿದರು. ಅಂದಿನಿಂದ ಗುರುತಿಲ್ಲದವರು ಯಾರೇ ಕತ್ತಿ ಕೇಳಲಿ, “ಯಾರಿಗೆ?” ಎಂದು ಕೇಳದೆ ಕೊಡುತ್ತಿರಲಿಲ್ಲ. ವ್ಯಾಪಾರ ಕೆಟ್ಟಿತು, ಅಭ್ಯಾಸ ಬಿಡಲಿಲ್ಲ.

ಇಷ್ಟು ತಿಳಿದರೆ ಮುಂದಿನದು ತಿಳಿಯುತ್ತದೆ. ಕನ್ನಡ ನಾಡೆಲ್ಲ ಒಂದಾಗಿ ಒಂದೆರಡು ವರ್ಷ ಕಳೆದಿತ್ತು. ಚಾಮರಾಜಪುರಂನಲ್ಲಿ ಸಲೂನ್ ಇಟ್ಟಿದ್ದ ಚೆಲುವರಾಜು ಒಂದು ಕತ್ತಿ ತಂದ. ಅವನ ಅಪ್ಪ ಸಿದ್ದಯ್ಯ ಮನೆಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದವರು, ಆಗಷ್ಟೇ ತೀರಿಕೊಂಡಿದ್ದರು. ಚೆಲುವರಾಜು ಹೊಸ ಕಾಲದ ಹುಡುಗ. ತಿರುಗುವ ಕುರ್ಚಿ, ಎದುರುಬದುರು ಕನ್ನಡಿ, ಗೋಡೆಯ ಮೇಲೆ ಕ್ರಾಪಿನ ಚಿತ್ರಗಳು.

“ಅಪ್ಪನ ಪೆಟ್ಟಿಗೇಲಿರಲಿಲ್ಲ ಕಣಣ್ಣ, ಜಂತೆ ಸಂದೀಲಿ ಬಟ್ಟೆ ಸುತ್ತಿ ಮಡಗಿದ್ದ” ಎಂದ. “ಬೆಲೆಬಾಳೋದು ಅಂತಾನೇ ಅಲ್ವಾ ಅಂಗೆ ಮಡಗಿರೋದು? ರೆಡಿ ಮಾಡ್ಕೊಡು, ಸಲೂನಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತೀನಿ. ದೊಡ್ಡ ಮನುಷ್ಯರು ಬಂದ್ರೆ ಇದರಲ್ಲೇ ಶೇವು.”

ತುಕ್ಕು ಹಿಡಿದಿತ್ತು, ಆದರೆ ಹಿಡಿ ಆನೆದಂತದ್ದು. ನಾನು ಬೂದಿ ತಿಕ್ಕಿದೆ, ಕಿರೀಟ ಎದ್ದು ಬಂತು. ನನಗೆ ಹಬ್ಬ. ಒಂದು ಮಾತ್ರ ಬಗೆಹರಿಯಲಿಲ್ಲ. ದಂತದ ಹಿಡಿ ಬೆರಳು ಕೂರುವ ಜಾಗದಲ್ಲಿ ಗುಳಿ ಬಿದ್ದು ಸವೆದಿತ್ತು, ಅಂದರೆ ಬಹಳ ವರ್ಷ ಯಾರೋ ಹಿಡಿದಿದ್ದಾರೆ. ಬೆನ್ನು ಮಾತ್ರ ಹೊಸದರ ಹಾಗೆ ಗುಂಡಗಿತ್ತು, ಅಂದರೆ ಕಲ್ಲು ಕಂಡದ್ದೇ ಅಪರೂಪ. ದುಡಿದೂ ಇದೆ, ದುಡಿದೂ ಇಲ್ಲ. ಇದೆಂಥ ಕತ್ತಿ ಎಂದು ಸಾಬರ ಕೈಗೆ ಕೊಟ್ಟೆ. ಅವರು ಅಲಗು ನೋಡಲೇ ಇಲ್ಲ. ಹಿಡಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಅಲ್ಲಿ ಅರದಿಂದ ಕೊರೆದ ಒಂದು ಗೀರು ಇತ್ತು. ಸಾಬರು ಕತ್ತಿಯನ್ನು ಹಲಗೆಯ ಮೇಲಲ್ಲ, ನೆಲದ ಮೇಲೆ ಇಟ್ಟರು.

“ಇದು ಕೆಂಪು ಸೀರೆ ಕತ್ತಿ” ಎಂದರು. “ತಲೆ ಬೋಳಿಸ್ತಾರಲ್ಲ, ಗಂಡ ಸತ್ತ ಬ್ರಾಹ್ಮಣರ ಹೆಂಗಸ್ರಿಗೆ, ಅದಕ್ಕೇಂತ್ಲೇ ಬೇರೆ ಇಡೋದು. ಪೆಟ್ಟಿಗೇಲಿ ಬೇರೆ ಕತ್ತಿ ಜೊತೆ ಇಡಲ್ಲ, ಆಯುಧಪೂಜೇಲಿ ಇಡಲ್ಲ, ನಮ್ಮ ಕಲ್ಲಿಗೆ ತರಲ್ಲ. ಕತ್ಲಲ್ಲೂ ಕೈಗೆ ಗೊತ್ತಾಗ್ಲಿ ಅಂತ ಗೀರು ಹಾಕಿರ್ತಾರೆ.”

ಇಷ್ಟು ವರ್ಷ ಊರಿನ ಕತ್ತಿಗಳೆಲ್ಲ ನಮ್ಮ ಅಂಗಡಿಗೆ ಬಂದು ಹೋಗುತ್ತವೆ ಎಂದು ನಾನು ನಂಬಿದ್ದೆ. ಬಾರದ ಕತ್ತಿಗಳೂ ಇವೆ ಎಂದು ಅಂದು ತಿಳಿಯಿತು.

ಚೆಲುವರಾಜು ಕತ್ತಿ ನೋಡುತ್ತ ನಿಂತುಬಿಟ್ಟ. “ನರಸಮ್ಮನೋರು ಅಂತ ಒಬ್ರು ಅಮ್ನೋರವ್ರೆ, ಅವ್ರದು ಇದು” ಎಂದ. “ತಿಂಗಳಿಗೊಂದು ದಿನ ಅಪ್ಪ ಹಿತ್ತಲ ಬಾಗಲಿಂದ ಹೋಗಿ ಬರೋನು. ಬಂದ ದಿನ ಉಣ್ತಿರಲಿಲ್ಲ. ಯಾಕಪ್ಪ ಅಂದ್ರೆ ಹೊಡೆಯಕ್ಕೆ ಬರೋನು. ಅವನು ಸತ್ತ ಮೇಲೆ ನನಗೆ ಹೇಳಿಕಳಿಸಿದ್ರು. ಆ ಕೆಲಸ ನನ್ನ ಕೈಲಾಗಲ್ಲ ಅಂದ್ಬುಟ್ಟೆ. ನಮ್ಮೋರು ಯಾರೂ ಈಗ ಹೋಗಲ್ಲ.” ಕತ್ತಿ ವಾಪಸು ತೆಗೆದುಕೊಳ್ಳಲಿಲ್ಲ. “ಎಸೆದ್ಬುಡಿ ಸಾಬ್ರೆ” ಎಂದು ಹೊರಟುಹೋದ. ಅವನು ಮಾಡಿದ್ದು ನ್ಯಾಯವೇ. ಇವತ್ತಿಗೂ ನಾನು ಅದನ್ನು ತಪ್ಪೆನ್ನಲಾರೆ.

ಸಾಬರು ಎಸೆಯಲಿಲ್ಲ. ಕತ್ತಿ ಒಂದು ಮೂಲೆಯಲ್ಲಿ ಅರ್ಧ ತುಕ್ಕು, ಅರ್ಧ ಹೊಳಪಿನಲ್ಲಿ ಬಿದ್ದಿತ್ತು. ಒಂದು ಮಧ್ಯಾಹ್ನ ಸಂದಿಯಲ್ಲಿ ಕಟುಕರು, ಕೂಲಿಗಳು ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡರು. ಕೆಂಪು ಸೀರೆ ಉಟ್ಟು ತಲೆಯ ಮೇಲೆ ಸೆರಗು ಬಿಗಿದ ಮುದುಕಿಯೊಬ್ಬರು, ಯಾರನ್ನೂ ಸೋಕದ ಹಾಗೆ ಮೈ ಹಿಡಿ ಮಾಡಿಕೊಂಡು, ನಮ್ಮ ಅಂಗಡಿಯ ಮುಂದೆ ನಿಂತರು. ಅಂಥವರು ಆ ಸಂದಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ಸಿದ್ದಯ್ಯನ ಮಗ ಹೇಳಿದ, ಕತ್ತಿ ನಿಮ್ಮ ಹತ್ರ ಇದೆ ಅಂತ. ಅದು ನಮ್ಮದು. ಬಾಯಿ ಮಾಡಿಕೊಡ್ರಪ್ಪ, ತಗೊಂಡು ಹೋಗ್ತೀನಿ” ಎಂದರು.

ಸಾಬರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರಿಗೂ ಆ ವಿದ್ಯಾರ್ಥಿ ನೆನಪಾದ. ಸಾಬರು ತಲೆ ತಗ್ಗಿಸಿಕೊಂಡೇ ಕೇಳಿದರು. “ಅಮ್ಮಾ, ಯಾರಿಗೆ?”

ನರಸಮ್ಮನವರಿಗೆ ಅರ್ಥವಾಯಿತು. “ಸಾಯೋದಕ್ಕೆ ಮನೇಲಿ ಬಾವಿ ಇದೆ ಕಣಪ್ಪ. ಅದಕ್ಕೋಸ್ಕರ ಇಷ್ಟು ದೂರ ನಡೆದು ಬರಬೇಕಾಗಿರಲಿಲ್ಲ” ಎಂದರು. ಅಂಗಡಿಯ ಕಟ್ಟೆಯ ಮೇಲೆ ಕೂರಿ ಅಂದರೂ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು.

ಕತ್ತಿ ಅವರ ಗಂಡನದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಯಾರೋ ಬಿಳಿಯ ದೊರೆ ತನ್ನ ದೇಶಕ್ಕೆ ಹೊರಟಾಗ ಕೊಟ್ಟು ಹೋಗಿದ್ದನಂತೆ. ಅವರು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಇವರು ಬಿಸಿನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಮದುವೆಯಾಗಿ ಮೂರನೆಯ ಸಂಕ್ರಾಂತಿಗೆ ಮುಂಚೆ ಪ್ಲೇಗು ಬಂತು. ಗಂಡ ಹೋದ ಹತ್ತನೆಯ ದಿನ ಮನೆಯವರು ಸಿದ್ದಯ್ಯನವರನ್ನು ಕರೆಸಿ, ಸತ್ತವರ ಬಟ್ಟೆಯ ಜೊತೆ ಆ ಕತ್ತಿಯನ್ನೂ ಅವರಿಗೇ ಕೊಟ್ಟರು. ಮೊದಲ ಕೆಲಸ ಅದರಲ್ಲೇ ಆಗಲಿ ಎಂದರು. ಸಿದ್ದಯ್ಯನವರು ಆ ಕತ್ತಿಯನ್ನು ಇನ್ನೊಬ್ಬರಿಗೆ ಮುಟ್ಟಿಸಲೇ ಇಲ್ಲ.

“ಈಗ ಯಾರೂ ಬರಲ್ಲ ಅಂದಮೇಲೆ ಕೂದಲು ಬಿಟ್ಬುಡಿ ಅಮ್ನೋರೆ, ಬೆಳೀಲಿ” ಎಂದೆ ನಾನು. ವಯಸ್ಸಿನ ಹುಮ್ಮಸ್ಸು.

“ಬಿಟ್ಟು ನೋಡಿದೆ. ಮನೆ ಯಜಮಾನ ನನ್ನ ಮೈದುನನ ಮಗ. ವಕೀಲ. ದೊಡ್ಡಮ್ಮ, ಕಾಲ ಬದಲಾಯ್ತು, ಕೂದಲು ಬಿಡಿ ಅಂತ ಅವನೂ ಹೇಳ್ದ. ಸಭೇಲೂ ಹಾಗೇ ಭಾಷಣ ಮಾಡ್ತಾನೆ. ತಲೇಲಿ ಕೂದಲು ಕಂಡ ತಕ್ಷಣ ಪುರೋಹಿತರು, ಇವರು ಒಲೆ ಹತ್ರ ಬಂದ್ರೆ ನಾವು ಊಟಕ್ಕೆ ಕೂರಲ್ಲ ಅಂದ್ರು. ಅವನು ಸುಮ್ಮನಾದ. ಮಡಿ ಅಡುಗೆ ನನ್ನದು ಅಂತ ಆ ಮನೇಲಿ ನನಗೊಂದು ಮೂಲೆ ಇತ್ತು. ಒಲೆ ಇಲ್ಲ ಅಂದ್ರೆ ನಾನು ಯಾರು ಅಲ್ಲಿ? ನಂಜನಗೂಡಿನ ಛತ್ರದಲ್ಲಿ ಬಿಟ್ಟು ಬರೋ ಮಾತು ನಡೀತಿದೆ. ಇನ್ನೊಬ್ಬರು ಬೇಯಿಸಿದ್ದನ್ನ ನಾನು ಇಲ್ಲೀವರೆಗೆ ಬಾಯಿಗೆ ಇಟ್ಟಿಲ್ಲ. ಈ ಹುಣ್ಣಿಮೆ ಕಳೆದ ಮೇಲೆ ನಮ್ಮ ಮಾವನವರ ಶ್ರಾದ್ಧ. ಅಷ್ಟರೊಳಗೆ ತಲೆ ನುಣ್ಣಗಿದ್ರೆ ಅಡುಗೆ ನಂದು. ನಾನೇ ಮಾಡ್ಕೋತೀನಿ. ಯಾರಿಗೂ ತೊಂದರೆ ಬೇಡ.”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಆ ವಕೀಲರನ್ನು ನಾನು ಮನಸ್ಸಿನಲ್ಲೇ ಬೈದೆ. ಬೈದು ಏನು ಮಾಡಲಿ? ಅವರು ಕೇಳಿದ್ದು ನನ್ನ ಅಭಿಪ್ರಾಯವಲ್ಲ. ಕತ್ತಿಗೆ ಬಾಯಿ ಮಾಡಿಕೊಡು ಎಂದಷ್ಟೇ. ಹೊರಡುವಾಗ ಇನ್ನೊಂದು ಮಾತು ಹೇಳಿದರು. “ಬೇರೆ ಕಲ್ಲಿನ ಮೇಲೆ ಮಸೆಯಪ್ಪ. ನಾಲ್ಕು ಜನರ ಮುಖಕ್ಕೆ ಹೋಗೋ ಕತ್ತಿಗಳು, ನನ್ನಿಂದ ಅವಕ್ಕೆ ಯಾಕೆ ಮೈಲಿಗೆ.” ಸಾಬರು ಒಳಗಿನಿಂದ ಹೊಸ ಕಲ್ಲೊಂದನ್ನು ತಂದುಕೊಟ್ಟರು. ಅವರೇನು ಶಾಸ್ತ್ರ ನಂಬಿದವರಲ್ಲ. ನಮ್ಮ ಗಿರಾಕಿಗಳಾದ ಕ್ಷೌರಿಕರಿಗೆ ತಿಳಿದರೆ ಮಾರನೆಯ ದಿನ ಅಂಗಡಿ ಬಾಗಿಲು ಹಾಕಬೇಕಾಗುತ್ತಿತ್ತು.

ನನ್ನ ವೃತ್ತಿಯಲ್ಲಿ ಅಷ್ಟು ಜೋಪಾನವಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಬಾಯಿಯ ಹತ್ತಿರ ತುಕ್ಕು ತಿಂದು ಸೂಜಿಮೊನೆಯಂಥ ಗುಂಡಿಗಳಾಗಿದ್ದವು. ಅಲ್ಲಿ ಬಾಯಿ ಉದುರಿದರೆ ಚರ್ಮ ಹರಿಯುತ್ತದೆ. ಗುಂಡಿಗಳು ಹೋಗುವವರೆಗೆ ಕೈಯಲ್ಲೇ ಮಸೆದೆ, ಎಣ್ಣೆ ಹಚ್ಚಿದೆ, ಚರ್ಮದ ಪಟ್ಟಿಗೆ ಎಳೆದೆ, ಮೀಟಿ ಕೇಳಿದೆ. ಸಣ್ಣಗೆ ಉಲಿಯಿತು. ಸಡಿಲವಾಗಿದ್ದ ಹಿಡಿಗೆ ಹೊಸ ಮೊಳೆ ಹಾಕಿದೆ. ತುದಿಯ ಗೀರನ್ನು ಉಜ್ಜಿ ತೆಗೆದುಬಿಡಲೇ ಎಂದು ಸಾಬರನ್ನು ಕೇಳಿದೆ. “ಬೇಡ. ಗೀರು ಹೋದ್ರೆ ನಾಳೆ ಇದು ಯಾರ ಕೈಗೆ ಹೋಗಿ ಏನಾಗ್ತದೋ. ಇದ್ದದ್ದು ಇರ್ಲಿ” ಎಂದರು.

ತೆಗೆದುಕೊಂಡು ಹೋಗಲು ನರಸಮ್ಮನವರು ಬಂದಾಗ ಕತ್ತಿ ಹಿಡಿಯುವುದನ್ನೂ ಕಲಿಸಬೇಕಾಯಿತು. ಹೊಸಬರಿಗೆ ಕೈ ಪಳಗಲು ಎಳೆಯ ಬೂದುಗುಂಬಳ ಕೊಡುವುದು ನಮ್ಮ ಪದ್ಧತಿ. ಅದರ ಮೈಮೇಲಿನ ನವಿರು ಕೂದಲು ಹೋಗಬೇಕು, ಸಿಪ್ಪೆ ಗೀರಬಾರದು. ಅವರು ಈ ಸಲ ಕಟ್ಟೆಯ ಅಂಚಿಗೆ ಕೂತು, ಅದನ್ನು ಮಡಿಲಲ್ಲಿಟ್ಟುಕೊಂಡು, “ಲೋಡುಗಟ್ಟಲೆ ಕುಂಬಳಕಾಯಿ ಹೆಚ್ಚಿದ್ದೀನಿ, ಕ್ಷೌರ ಮಾಡಿದ್ದು ಇದೇ ಮೊದಲು” ಎಂದು ನಕ್ಕರು. ಕೈ ಚೆನ್ನಾಗಿತ್ತು, ಒಲೆಯ ಮುಂದೆ ಪಳಗಿದ ಕೈ. ಎರಡನೆಯ ಕಾಯಿಗೆ ಒಂದು ಗೀರೂ ಬೀಳಲಿಲ್ಲ. ನಾನು ಖುಷಿಯಾಗಿ ಒಂದು ಕೈಗನ್ನಡಿ ಮುಂದಿಟ್ಟೆ.

ಅವರು ಅದನ್ನು ಮುಟ್ಟದೆ ಮುಖ ತಿರುಗಿಸಿಕೊಂಡರು. “ಅದು ಬೇಡ.”

“ನೋಡದೇ ಎಂಗೆ ಅಮ್ನೋರೆ? ಕುಂಬಳಕಾಯಿ ಕಣ್ಣ ಮುಂದಿತ್ತು. ತಲೆ ಕಾಣಲ್ವಲ್ಲ.”

“ಅವರು ಹೋದ ಮೇಲೆ ನಾನು ಕನ್ನಡಿ ನೋಡಿಲ್ಲ. ಮುಟ್ಟಿ ನೋಡ್ಕೊಂಡು ಮಾಡ್ತೀನಿ, ಬಿಡು.”

ನಾನು ಬಹಳ ಹೇಳಿದೆ. ಸಾಬರೂ ಹೇಳಿದರು. ಕೇಳಲಿಲ್ಲ. ಕತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಂದ ಹಾಗೇ ಮೈ ಹಿಡಿ ಮಾಡಿಕೊಂಡು ಹೋದರು.

ಹುಣ್ಣಿಮೆ ಕಳೆದು ಒಂದು ವಾರಕ್ಕೆ ಅವರು ಮತ್ತೆ ಬಂದಾಗ ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು. ಸಂದಿಯ ಬಾಯಲ್ಲಿ ಒಂದು ಜಟಕಾ ನಿಂತಿತ್ತು, ಅದರಲ್ಲಿ ಮನೆಯ ಆಳು ಕೂತಿದ್ದ. ನರಸಮ್ಮನವರು ಕತ್ತಿಯನ್ನು ಕಟ್ಟೆಯ ಮೇಲಿಟ್ಟರು.

“ನೀನು ಚೆನ್ನಾಗೇ ಮಾಡಿಕೊಟ್ಟಿದ್ದೆಯಪ್ಪ, ನಿನ್ನದೇನಿಲ್ಲ. ಕಿವಿ ಹಿಂದೆ ನನ್ನ ಕೈಗೆ ಕಾಣಲಿಲ್ಲ” ಎಂದರು.

ಶ್ರಾದ್ಧದ ಬೆಳಗಿನ ಜಾವ ಎದ್ದು ಮಾಡಿಕೊಂಡಿದ್ದರು. ಕಿವಿಯ ಹಿಂದೆ ಕೊಯ್ದದ್ದು ಗೊತ್ತಾಗಿ ಅರಿಸಿನ ಮೆತ್ತಿದರು. ರಕ್ತ ನಿಂತಿತು. ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತರು. ಎಷ್ಟೋ ದಿನಗಳ ಮೇಲೆ ಆ ಒಲೆ ಅವರದಾಗಿತ್ತು. ವಡೆ ಬೆಂದವು, ಪಾಯಸವಾಯಿತು. ಒಲೆಯ ಕಾವಿಗೆ ಗಾಯ ಮತ್ತೆ ಬಿಚ್ಚಿಕೊಂಡಿತು. ಕೆಂಪು ಸೀರೆ, ಅವರಿಗೂ ಕಾಣಲಿಲ್ಲ, ಯಾರಿಗೂ ಕಾಣಲಿಲ್ಲ. ಬಡಿಸಲು ಬಗ್ಗಿದಾಗ ಬಾಳೆಲೆಯ ಅಂಚಿನ ಮೇಲೆ ಒಂದು ಹನಿ ಬಿತ್ತು. ಪುರೋಹಿತರು ಎದ್ದುಬಿಟ್ಟರು. ಮಾಡಿದ್ದೆಲ್ಲ ತಿಪ್ಪೆಗೆ ಹೋಯಿತು, ಬೇರೆಯವರನ್ನು ಕರೆಸಿ ಮತ್ತೆ ಅಡುಗೆ ಮಾಡಿಸಿದರು. ವಕೀಲರು ಗದರಲಿಲ್ಲವಂತೆ. ದೊಡ್ಡಮ್ಮ, ನಿಮಗೂ ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದರಂತೆ.

“ಕತ್ತಿ ಆ ಛತ್ರಕ್ಕೆ ಬೇಡ. ಕಬ್ಬಿಣಕ್ಕಾದ್ರೂ ಹಾಕ್ಕೊಳ್ಳಿ” ಎಂದು ಹೇಳಿ ಜಟಕಾದ ಕಡೆ ನಡೆದರು. ಸಾಬರು ಅಂದು ಏನೂ ಕೆಲಸ ಮಾಡಲಿಲ್ಲ. ಬೈಯಲೂ ಇಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಆ ಕತ್ತಿಗೆ ಆಮೇಲೆ ಮೂರು ಜನ ಒಳ್ಳೆಯ ಬೆಲೆ ಕೇಳಿದರು. ನಾವು ಮಾರಲಿಲ್ಲ.

ಮುಂದಿನ ವರ್ಷಗಳಲ್ಲಿ ಬ್ಲೇಡು ಬಂತು. ಮೊದಲು ಶ್ರೀಮಂತರ ಮನೆಗೆ, ಆಮೇಲೆ ಸಲೂನಿಗೆ. ಸವೆದರೆ ಎಸೆಯುವುದು, ಮಸೆಯುವ ಮಾತೇ ಇಲ್ಲ. ಕ್ಷೌರಿಕರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಸಾಬರು ಕೆಮ್ಮಿ ಕೆಮ್ಮಿ ತೀರಿಕೊಂಡರು, ಕಲ್ಲಿನ ದೂಳು ಎದೆಯಲ್ಲಿ ಕೂತಿತ್ತು ಎಂದರು ಡಾಕ್ಟರು. ಈಗಿನವರು ಮೂಗಿಗೆ ಬಟ್ಟೆ ಕಟ್ಟದೆ ಚಕ್ರದ ಮುಂದೆ ಕೂರುತ್ತೀರಲ್ಲ, ನಿಮಗೆ ಹೇಳುತ್ತಿದ್ದೇನೆ, ಕಟ್ಟಿಕೊಳ್ಳಿ. ಅಂಗಡಿ ನನ್ನ ಪಾಲಿಗೆ ಬಂತು. ಅದೇನು ಹೇಳಿಕೊಳ್ಳುವಂಥದ್ದಲ್ಲ.

ನನ್ನ ಮಗನ ಮುಡಿ ತೆಗೆಸಲು ನಾನೂ ನನ್ನ ಹೆಂಡತಿ ಗೌರಮ್ಮನೂ ನಂಜನಗೂಡಿಗೆ ಹೋದದ್ದು ಅರವತ್ತನೆಯ ಇಸವಿಯ ಆಚೆ. ಮಗುವಿಗೆ ಹೊಳೆಯಲ್ಲಿ ಸ್ನಾನ ಮಾಡಿಸಿ, ಬೋಳುತಲೆಗೆ ಗಂಧ ಮೆತ್ತಿ, ಒಂದು ಛತ್ರದ ಜಗಲಿಯ ನೆರಳಿಗೆ ಬಂದೆವು. ಅಲ್ಲಿ ಕಂಬಕ್ಕೆ ಒರಗಿ ಕೂತಿದ್ದವರನ್ನು ನಾನು ಗುರುತಿಸಲಿಲ್ಲ, ಅವರೇ ನನ್ನನ್ನು ಗುರುತಿಸಿದರು. ಅದೇ ಕೆಂಪು ಸೀರೆ, ಮಾಸಿ ಇಟ್ಟಿಗೆ ಬಣ್ಣವಾಗಿತ್ತು. ಸೆರಗು ಜಾರಿತ್ತು. ತಲೆಯ ತುಂಬ ಬಿಳಿ ಕೂದಲು, ಭುಜದವರೆಗೆ.

“ಇಲ್ಲಿ ಯಾರೂ ಕೇಳೋರಿಲ್ಲ. ಬೆಳೀತು” ಎಂದರು ನರಸಮ್ಮನವರು, ನಾನು ನೋಡಿದ್ದನ್ನು ಕಂಡು.

ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. “ಚೆನ್ನಾಗದೆ ಅಮ್ನೋರೆ” ಎಂದೆ.

“ಎಲ್ಲಿ ಚೆನ್ನ. ಸಿಕ್ಕು ಕಟ್ಟಿ ನೋಯುತ್ತೆ. ಬಾಚ್ಕೊಳ್ಳೋದು ಮರೆತೇ ಹೋಗಿದೆ ಕಣಪ್ಪ.”

ಗೌರಮ್ಮನಿಗೆ ಈ ಕಥೆ ಏನೂ ಗೊತ್ತಿರಲಿಲ್ಲ. ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ಚೀಲದಿಂದ ಬಾಚಣಿಗೆ ತೆಗೆದಳು. “ಈ ಕಡೆ ತಿರುಗಿ ಕೂತ್ಕೊಳಿ ಅಮ್ನೋರೆ, ನಾನು ಬುಡುಸ್ತೀನಿ” ಎಂದು ಅವರ ಹಿಂದೆ ಕೂತಳು. ಮುಟ್ಟಬೇಡ ಎನ್ನುತ್ತಾರೇನೋ ಎಂದು ನಾನು ಕಾದೆ. ಅವರು ಅನ್ನಲಿಲ್ಲ, ಕತ್ತು ತಗ್ಗಿಸಿ ಕೊಟ್ಟರು. ಗೌರಮ್ಮ ತುದಿಯಿಂದ ಶುರುಮಾಡಿ ಒಂದೊಂದೇ ಸಿಕ್ಕು ಬಿಡಿಸುತ್ತ ಬಂದಳು. ಅವರ ಕಣ್ಣು ಮುಚ್ಚಿಕೊಂಡಿತು. ಬಲಗಡೆಯದು ಮುಗಿದು ಎಡಗಡೆ ಇನ್ನೂ ಗಂಟುಗಂಟಾಗಿದ್ದಾಗ ಒಳಗೆ ಊಟದ ಗಂಟೆ ಹೊಡೆಯಿತು.

ನರಸಮ್ಮನವರು ದಡಬಡಿಸಿ ಎದ್ದರು. “ಆಮೇಲೆ ಹೋದ್ರೆ ತಿಳಿಸಾರು ಮಾತ್ರ ಉಳಿದಿರುತ್ತೆ” ಎಂದು ಕಂಬದ ಹಿಂದಿನಿಂದ ಒಂದು ತಟ್ಟೆ ತೆಗೆದುಕೊಂಡು, ಅರ್ಧ ಬಾಚಿದ ತಲೆಯಲ್ಲೇ ಹೋಗಿ ಸಾಲಿನಲ್ಲಿ ನಿಂತರು.